ಅಳತೆಯ ನೀರು

ದಯಾವತಿಯ ಬಳಿ ಒಂದು ನೋಟುಪುಸ್ತಕವಿದೆ,
ಮೊದಲು ಹಾಲಿನವನ ಲೆಕ್ಕಕ್ಕೆ ಇಟ್ಟದ್ದು.
ಈಗ ಅದರಲ್ಲಿ ನನ್ನ ನೀರು:
ಬೆಳಿಗ್ಗೆ ಮಾತ್ರೆಗೆ ಐವತ್ತು,
ಅರ್ಧ ಲೋಟ ಕಾಫಿ, ಎಂಬತ್ತು,
ಸಾರು ಬೇಡ, ಮಜ್ಜಿಗೆ ಬೇಡ,
ಮುದ್ದೆಯನ್ನು ಗೊಜ್ಜಿಗೆ ಒತ್ತಿ ನುಂಗುವುದು.
ಭಾನುವಾರ ಒಂದು ಸಾಲು ಹೆಚ್ಚು:
‘ಪಾತ್ರೆ – ನಲವತ್ತು’.
ಪ್ರಭುಭೋಜನದಲ್ಲಿ ಉಳಿದ ದ್ರಾಕ್ಷಾರಸವನ್ನು
ಪಾಲಕನೇ ಕುಡಿದು ಬರಿದು ಮಾಡಬೇಕಲ್ಲ,
ರಕ್ಷಣೆಯೂ ಮಿಲಿಲೀಟರಿನಲ್ಲೇ ಬರುತ್ತದೆ ಅವಳ ಲೆಕ್ಕಕ್ಕೆ.

ದಿನಕ್ಕೆ ಒಂದು ಲೀಟರು. ಅದೂ ಮಂಡ್ಯದಲ್ಲಿ!
ಬದುವಿನ ಮೇಲೆ ನಡೆದರೆ ಕೆಸರು ಚಪ್ಪಲಿ ಕಚ್ಚುವ ಕಡೆ,
ಬಸ್‌ಸ್ಟ್ಯಾಂಡಿನ ಮುಂದೆ ಕಬ್ಬಿನ ಗಾಣ
ಗೆಜ್ಜೆ ಕಟ್ಟಿಕೊಂಡು ಕರೆಯುವ ಕಡೆ.
ಎಳನೀರಿನ ಸಿದ್ದರಾಜು ಮಚ್ಚು ಎತ್ತಿ
‘ನೀರಾ, ಗಂಜಿಯಾ?’ ಎನ್ನುತ್ತಾನೆ ಹಳೇ ರೂಢಿಗೆ,
ಆಮೇಲೆ ನೆನಪಾಗಿ ಮಚ್ಚು ಇಳಿಸುತ್ತಾನೆ.

ಮಂಗಳ, ಗುರು, ಶನಿ, ನಾಲ್ಕು ನಾಲ್ಕು ಗಂಟೆ
ಎಡಗೈ ಚಾಚಿ ಮಲಗುತ್ತೇನೆ ಮೂರನೇ ಹಾಸಿಗೆಯಲ್ಲಿ.
ಎರಡರಲ್ಲಿ ಪಾಂಡವಪುರದ ಬಳೆ ಅಂಗಡಿಯ ಖೈರುನ್ನಿಸಾ,
ನಾಲ್ಕರಲ್ಲಿ ಲಾರಿ ಬಿಟ್ಟು ಎರಡು ವರ್ಷವಾದ ಬೋರಲಿಂಗ.
ಇಲ್ಲಿ ನಾನು ಪಾಲಕನಲ್ಲ, ಎಪ್ಪತ್ತೊಂದೂವರೆ ಕೆಜಿ.
‘ಫಾದರ್ರೇ, ಸ್ವರ್ಗದಲ್ಲಿ
ಎಷ್ಟ್ ಬೇಕಾದ್ರೂ ಕುಡೀಬೌದಾ?’
ಖೈರುನ್ನಿಸಾ ನಕ್ಕಳು. ಅವರ ಕಡೆ ನದಿಗಳೇ ಇವೆಯಂತೆ.
ನಮ್ಮ ಕಡೆಯೂ ಒಂದಿದೆ, ಎಂದೆ.
ಆಮೇಲೆ ಮೂವರೂ ಸುಮ್ಮನೆ
ಯಂತ್ರದ ಚಕ್ರ ತಿರುಗುವುದನ್ನು ನೋಡಿದೆವು.

ನನ್ನ ಅಜ್ಜನಿಗೆ ನೀರು ಹೊಯ್ಯುತ್ತಿದ್ದರು, ಎತ್ತರದಿಂದ,
ಬೊಗಸೆಗೆ, ಮೊಣಕೈಯಿಂದ ಸೋರಿ ಅರ್ಧ ಮಣ್ಣಿಗೆ.
ಒಬ್ಬ ಪಾದ್ರಿ ಲೋಟವನ್ನೇ ಕೈಗೆ ಕೊಟ್ಟನಂತೆ,
ತಾನು ಕುಡಿದ ಲೋಟವನ್ನು.
ನಾವು ಕ್ರೈಸ್ತರಾದ ಕಥೆ ಇಷ್ಟೇ,
ಸೆಮಿನರಿಯಲ್ಲಿ ಕಲಿತದ್ದೆಲ್ಲ ಅದಕ್ಕೆ ಬರೆದ ಟಿಪ್ಪಣಿ.

ಅಂಥವನ ಮೊಮ್ಮಗ ನಾನು, ಕೀಲಾರದ ಕಾಲೋನಿಯಲ್ಲಿ
ಸಾರಮ್ಮನ ಜಗುಲಿಯ ಮೇಲೆ, ಮೊದಲ ಭೇಟಿಯಲ್ಲೇ,
ಅವಳು ಚೊಂಬು ತಂದಾಗ ಕೈ ಅಡ್ಡ ಹಿಡಿದೆ.
ಚೊಂಬು ಅಲ್ಲೇ ನಿಂತಿತು, ಗಾಳಿಯಲ್ಲಿ.
‘ನಮ್ ಮನೆ ನೀರು ಆಗಾಕಿಲ್ವಾ ಅಯ್ನೋರೆ?’
ದನಿಯಲ್ಲಿ ಸಿಟ್ಟಿರಲಿಲ್ಲ.
ಅದೇ. ಸಿಟ್ಟಿರಲಿಲ್ಲ.

ಕ್ರಿಯಾಟಿನಿನ್ ಎಂಬ ಪದಕ್ಕೆ ನಾಲಿಗೆ ಹೊರಳಲಿಲ್ಲ.
ಎತ್ತಿ ಕುಡಿದೆ, ಗಟಗಟ, ತಳ ಕಾಣುವವರೆಗೆ.
ಬೋರಿನ ನೀರು, ತಣ್ಣಗೆ, ತುಸು ಉಪ್ಪು.
ನಾಲ್ಕು ವರ್ಷದಲ್ಲಿ ಹಾಗೆ ಕುಡಿದಿರಲಿಲ್ಲ.
ಆ ಗುಟುಕಿನಲ್ಲಿ ಪ್ರೀತಿ ಎಷ್ಟು, ದುರಾಸೆ ಎಷ್ಟು,
ಬೇರ್ಪಡಿಸಿ ಹೇಳಲಾರೆ.

ರಾತ್ರಿ ಮೂರು ದಿಂಬಿಗೆ ಒರಗಿ ಉಸಿರು ಹುಡುಕಿದೆ.
ದಯಾವತಿ ಪುಸ್ತಕದಲ್ಲಿ ಏನೂ ಬರೆಯಲಿಲ್ಲ,
ಕಿಟಕಿ ತೆರೆದಳು.
ಮಂಗಳವಾರ ತೂಕ ನೋಡಿ ಸಿಸ್ಟರ್ ವನಜಾಕ್ಷಿ:
‘ಉಪದೇಶ ಮಾಡೋರೇ ಹಿಂಗಾದ್ರೆ?’

ಶುಭ ಶುಕ್ರವಾರ ಏಳು ಮಾತುಗಳನ್ನು ಏಳು ಜನಕ್ಕೆ ಹಂಚುತ್ತೇವೆ.
ಐದನೆಯದು, ನೀರಡಿಕೆಯದು, ನನ್ನ ಪಾಲಿಗೆ ಬಂತು.
ಬರೆದುಕೊಂಡು ಹೋದದ್ದು ಎಂಟು ಪುಟ.
ಪೀಠದ ಮೇಲೆ ಯಾರೋ ರೂಢಿಯಂತೆ
ಲೋಟ ಇಟ್ಟಿದ್ದರು, ತಟ್ಟೆ ಮುಚ್ಚಿ.
ಕರೆಂಟಿಲ್ಲ, ಫ್ಯಾನು ನಿಂತಿತ್ತು.
‘ಇವತ್ತು ನನಗೆ ಇನ್ನೂರು ಉಳಿದಿದೆ’ ಎಂದೆ,
ಎಂದು ಕೂತುಬಿಟ್ಟೆ.
ಆರನೆಯ ಮಾತಿನವರು ಇನ್ನೂ ಕನ್ನಡಕ ಹುಡುಕುತ್ತಿದ್ದರು.

ಆಷಾಢದಲ್ಲಿ ನಾಲ್ಕನೇ ಹಾಸಿಗೆಗೆ ಹೊಸಬರು ಬಂದರು.
ಬೋರಲಿಂಗನ ಮಣ್ಣಿಗೆ ಹೋಗಿದ್ದೆ, ದೂರದಲ್ಲಿ ನಿಂತೆ.
ಬಾಯಿಗೆ ನೀರು ಬಿಡಲು ಅವನ ಹೆಂಡತಿ
ತುಂಬಿದ ಬಿಂದಿಗೆಯನ್ನೇ ತಂದಿದ್ದಳು.

ಆ ವಾರವೇ ಕೀಲಾರಕ್ಕೆ ಹೋದೆ.
ಯಾರು ಹೇಳಿದ್ದರೋ, ಸಾರಮ್ಮ ಚೊಂಬು ತರಲಿಲ್ಲ.
ಒಳಗೆ ಬಹಳ ಹೊತ್ತು ಏನನ್ನೋ ತಡಕಾಡಿ
ಮರಿಮಗನ ಒಳಲೆ ತಂದಳು, ಹಿತ್ತಾಳೆಯದು,
ಎಷ್ಟು ತೊಳೆದರೂ ಹಾಲಿನ ವಾಸನೆ ಬಿಡದ್ದು.
ಕೊಕ್ಕಿನವರೆಗೆ ನೀರು.
‘ಇಷ್ಟಕ್ಕೆ ಏನೂ ಆಗಾಕಿಲ್ಲ, ಬಾಯ್ ತಗೀರಿ’
ಗದರಿಸಿದಳು,
ಒಂದು ಕೈಯನ್ನು ನನ್ನ ಗದ್ದದ ಕೆಳಗೆ ಹಿಡಿದು,
ಸೋರಿದರೆ ಇರಲಿ ಎಂದು.